ತಾರೀಖಿನ ಚೌಕ

ಸುಪರ್ ಮಾರ್ಕೆಟ್ಟಿನ ಮಾಳಿಗೆ ಮ್ಯಾಲಿನ ಟ್ರಾವೆಲ್ಸು.
ಝರೆಪ್ಪನ ಮಗಳು ಸುಗಲಾ ಪರದೆ ನಮ್ಮ ಕಡಿ ತಿರುಗಿಸಿ,
"ಮಂಗಳವಾರ ಅಗ್ಗ ಅದ ಕಾಕಾ.
ಹೈದರಾಬಾದಿಂದ ಶಾರ್ಜಾ,
ಅಲ್ಲಿ ಹದಿನಾಲ್ಕು ತಾಸು ಕೂಡಬೇಕು."
ಕೂಡೋದಾ?
ವಾಡಿ ಜಂಕ್ಷನ್ನಿನ ಕಲ್ಲುಬೆಂಚಿನ ಮ್ಯಾಲ
ಕರೀ ಕೋಟು ಹಾಕ್ಕೊಂಡು ಅರ್ಧಾ ನೌಕರಿ ಕೂತೀನಿ.
ಕೂತ್ರ ರೊಕ್ಕ ಉಳೀತದಂದ್ರ ಯಾಂವ ಬ್ಯಾಡಂತಾನ.

ತೊಡಕಾದದ್ದು ರೈಲಿನ ಪಾಸಿಗೆ.
ಎಡೆಬಿಡದೆ ಹದಿನೈದು ದಿನಾನೋ,
ಎರಡು ತಿಂಗಳಾಗ ಬೇಕಾದ ಹತ್ತು ದಿನಾನೋ?
ನಾಗೂಬಾಯಿ ಸಂಚಿಯೊಳಗಿನ ಪೆನ್ಸಿಲ್ ತಗದು
ಬಾಯಿಗೆ ಬರದ ಊರೆಲ್ಲ ಬರದು, ಕೂಡಿಸಿ, ಕಳದು,
"ದಿನಾ ಏನು ಓಡ್ಯಾಡೂದು?
ನಡುವ ಕಾಲು ಚಾಚಿ ಮಲಗೂದು ಬ್ಯಾಡಾ? ಹತ್ತು ಸಾಕು."
ಮೂವತ್ತೊಂದು ವರ್ಷ ಪುಕ್ಕಟ ಪಾಸಿನಾಗ ತಿರುಗಿದವಗ
ಒಂದು ದಿನಕ್ಕ ಇಷ್ಟು ಬೆಲಿ ಅಂತ ಆವತ್ತು ತಿಳೀತು.

"ಹತ್ತೋ ಮೊದಲ ತಾರೀಖು ನೀವೇ ಬರೀಬೇಕು,
ಶಾಯಿಲೆ. ತಿದ್ದಿದ್ರ ದಂಡ," ಸುಗಲಾ ಓದಿದಳು.
ಹತ್ತು ಸಣ್ಣ ಖಾಲಿ ಚೌಕ.

ಚಿತ್ತಾಪುರದ ಹುಡುಗ ಒಬ್ಬ.
ಸೀಜನ್ ಪಾಸಿನಾಗ ಏಳು ಒಂಬತ್ತಾಗಿತ್ತು.
ಕಿಟಕಿ ಬೆಳಕಿಗೆ ಹಿಡಿದು ನೋಡಿ
ಶಹಾಬಾದಿನಾಗ ಇಳಿಸಿದ್ದೆ.
ಪರೀಕ್ಷಾ ಅದ ಸಾಹೇಬ್ರ, ಅಂದಿದ್ದ.
ನಾನೇನೋ ಅಂದಿದ್ದೆ,
ಅಂದದ್ದು ಈಗ ನೆನಪಿಲ್ಲ.

ರೊಕ್ಕ ಎಣಿಸಿ ಕೆಳಗಿಳಿದಿವಿ.
ಮೂಲಿ ಅಂಗಡ್ಯಾಗ ಶಾಯಿಪೆನ್ನು ಕೇಳಿದೆ.
ಗೀಚಿ ನೋಡ್ರಿ, ಅಂತ ಚೀಟಿ ಕೊಟ್ಟ.
ಒಂದು ಏಳು ಬರದೆ.
ಕೈ ತಾನಾಗೇ
ಅದರ ತಲಿಗೆ ಸುತ್ತು ಎಳೀತು.