ಕಾರಣ ಕೊಡಿ

ಪುಟ ಅರವತ್ತೊಂದಕ್ಕೆ ಇಸ್ತ್ರಿಪೆಟ್ಟಿಗೆಯ ಮೂತಿ ತಾಗಿ
ಕಂದು ತ್ರಿಕೋನ ಬಿದ್ದಿದೆ.
ಅಲ್ಲಿ ಏನಿತ್ತೋ, ವಿಟಮಿನ್ನು ಇರಬೇಕು,
ಬಿ ತನಕ ಓದಬಹುದು, ಸಿ ಸುಟ್ಟುಹೋಗಿದೆ.

ವಿನೋಬನಗರದ ಅರಳಿಮರದ ಕೆಳಗೆ ನನ್ನ ಟೇಬಲ್ಲು.
ಎಡಕ್ಕೆ ಮಡಿಸಿದ್ದು, ಬಲಕ್ಕೆ ಮಡಿಸಬೇಕಾದದ್ದು,
ನಡುವೆ ಮುಕ್ತ ಶಾಲೆಯ ಗೃಹ ವಿಜ್ಞಾನ,
ಗಾಳಿಗೆ ಹಾರದಂತೆ ಮೇಲೆ ಯಾರದ್ದೋ ಬೆಲ್ಟಿನ ಬಕಲು.
ಹಾಲಮ್ಮ, ವಯಸ್ಸು ನಲವತ್ತೊಂದು, ಹತ್ತನೇ ತರಗತಿ.
ಗಣಿತಕ್ಕೆ ಟ್ಯೂಷನ್ ಇದೆಯಂತೆ, ಇಂಗ್ಲಿಷಿಗೂ.
ಇದಕ್ಕೆ ಯಾರೂ ಇಲ್ಲ.
"ಮನೆಗೆಲಸ ತಾನೆ, ನಿಮಗೆ ಬಾರದ್ದೇನಿದೆ"
ಅಂತ ಅರ್ಜಿ ತುಂಬಿಕೊಟ್ಟ ಹುಡುಗ ನಕ್ಕಿದ್ದ.
ಈಗ್ಯಾಕೆ ಓದು ಅಂದವರಿಗೆ
ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಬೇಕಂತೆ ಅಂದೆ. ಅರ್ಧ ನಿಜ.

ಬರುತ್ತದೆ ಮಾರಾಯ, ಬರುತ್ತದೆ.
ಅಂಚು ಮುಟ್ಟಿದರೆ ಸಾಕು,
ಇದು ಕಾಟನ್ ಅಂತ ಸುಳ್ಳು ಹೇಳಿ ಮಾರಿದ ಟೆರಿಕಾಟು.
ಪುಸ್ತಕ ಹೇಳುತ್ತದೆ: ಒಂದು ನೂಲು ಎಳೆದು ಸುಡಿ, ವಾಸನೆ ನೋಡಿ.
ರೇಷ್ಮೆಗೆ ಸುಟ್ಟ ಕೂದಲಿನ ವಾಸನೆ. ಹೌದು,
ಶೇಷಗಿರಿ ವಕೀಲರ ಹೆಂಡತಿಯ ಸೀರೆಯಲ್ಲಿ ಕಲಿತೆ,
ಮೂರು ತಿಂಗಳು ಆ ಮನೆಗೆ ಪುಕ್ಕಟೆ ಇಸ್ತ್ರಿ.
ಅದು ಎಷ್ಟು ಅಂಕದ ಪ್ರಶ್ನೆ?

ಸಿಕ್ಕಿಬಿದ್ದದ್ದು ನಾಲ್ಕನೇ ಪಾಠದಲ್ಲಿ.
ಗೃಹಿಣಿಯೊಬ್ಬಳ ದಿನಚರಿ ಬರೆದು
ವಿರಾಮದ ಅವಧಿಯನ್ನು ಗುರುತಿಸಿ.
ಪೆನ್ಸಿಲು ಹಿಡಿದು ಕೂತೆ.
ಕೆಂಡ ಬೂದಿಯಾಯಿತು, ಮತ್ತೆ ಹಾಕಿದೆ.
ಬಸವಣ್ಯಪ್ಪನನ್ನು ಕೇಳಿದರೆ
"ನೀನೀಗ ಕೂತಿದೀಯಲ್ಲ, ಅದೇ" ಅಂದ.
ಅದನ್ನೇ ಬರೆದೆ: ರಾತ್ರಿ ಒಂಬತ್ತೂವರೆಯಿಂದ ಹನ್ನೊಂದು, ಓದು.

ಆಮೇಲೆ ಕಲೆಗಳು.
ಈ ಪಾಠ ಓದುವುದೇ ಬೇಡ ಅಂದುಕೊಂಡಿದ್ದೆ.
ಚಹಾ, ಶಾಯಿ, ಎಣ್ಣೆ, ತುಕ್ಕು, ರಕ್ತ,
ನೆಂಟರ ಹೆಸರು ಓದಿದ ಹಾಗೆ ಓದುತ್ತಿದ್ದೆ.
ರಕ್ತದ ಕಲೆಗೆ ಬಿಸಿನೀರು ಬಳಸಬಾರದು. ಕಾರಣ ಕೊಡಿ.
ಎರಡು ಅಂಕ.

ಕಾರಣ?
ಏಳು ವರ್ಷದವಳು, ಹೊಗೆಯಾಡುವ ನೀರಿಗೆ
ಬಾಣಂತಿಯ ಬಟ್ಟೆ ಅದ್ದಲು ಹೋದೆ,
ಅವ್ವ ಕೈಮೇಲೆ ಹೊಡೆದಳು. ಅದೇ ಕಾರಣ.
ಅವಳಿಗೆ ಅವಳವ್ವ ಹೊಡೆದಿರಬೇಕು.
ಯಾವ ಮನೆಯಲ್ಲಿ ಕೂಸು ಹುಟ್ಟಿತು, ಯಾವ ಮನೆಯಲ್ಲಿ ಹುಟ್ಟದೆ ಹೋಯಿತು,
ತುಂಗೆಯ ಕಲ್ಲಿಗೆ ಮಾತ್ರ ಗೊತ್ತಾಗುವ ಹಾಗೆ ಒಗೆದವರು,
ಕಾರಣ ಹೇಳಿದವರಲ್ಲ, ಕೇಳಿದವರೂ ಅಲ್ಲ.

ಪುಸ್ತಕ ಅಂದಿತು: ರಕ್ತದಲ್ಲಿ ಪ್ರೋಟೀನಿದೆ,
ಬಿಸಿಗೆ ಹೆಪ್ಪುಗಟ್ಟಿ ನೂಲನ್ನು ಹಿಡಿದುಕೊಳ್ಳುತ್ತದೆ,
ಬೇಯಿಸಿದ ಮೊಟ್ಟೆಯ ಹಾಗೆ.
ಮೊಟ್ಟೆಯ ಹಾಗೆ!
ಎದ್ದು ಹೋಗಿ ಬೀದಿದೀಪದ ಕೆಳಗೆ ನಿಂತುಬಿಟ್ಟೆ.
ಇಷ್ಟು ಸಣ್ಣದನ್ನು ಯಾರೋ
ನಮ್ಮ ಕೈಗೆ ಸಿಗದ ಅಟ್ಟದಲ್ಲಿ ಎತ್ತಿಟ್ಟಿದ್ದರು.
ಅವ್ವನಿಗೆ ಹೇಳಬೇಕಿತ್ತು.
"ಸುಮ್ನೆ ಒಗಿ" ಅನ್ನುತ್ತಿದ್ದಳು, ಅದೂ ಗೊತ್ತು.

ಪರೀಕ್ಷೆ ದುರ್ಗಿಗುಡಿಯಲ್ಲಿ. ಬೆಂಚು ಮಕ್ಕಳ ಅಳತೆಯದು,
ಮಂಡಿ ಹಲಗೆಗೆ ತಾಗುತ್ತಿತ್ತು.
ಯಾವುದಾದರೂ ಐದು ಕಲೆಗಳು, ತೆಗೆಯುವ ವಿಧಾನ, ಕಾರಣ.
ಐದನ್ನೂ ಬರೆದು ಕೆಳಗೆ ಆರನೆಯ ಗೆರೆ ಎಳೆದೆ:
ಅಡಿಕೆ ಚೊಗರು.
ಪುಸ್ತಕ ಬರೆದವರ ಊರಲ್ಲಿ ಅಡಿಕೆ ಬೇಯಿಸುವುದಿಲ್ಲವೇನೋ.
ಸುಲಿಯಲು ಹೋಗುವ ಹೆಂಗಸರು ವರ್ಷವೂ
ಸೀರೆ ತಂದು ಕೇಳುತ್ತಾರೆ, ಹಾಲಮ್ಮಕ್ಕ, ಹೋಗುತ್ತಾ?
ವಿಧಾನದ ಮನೆಯಲ್ಲಿ ಬರೆದೆ: ಹೋಗುವುದಿಲ್ಲ.
ಕಾರಣದ ಮನೆ ಖಾಲಿ. ಅದು ನನಗಿನ್ನೂ ಗೊತ್ತಿಲ್ಲ.

ಹೆಚ್ಚುವರಿ ಹಾಳೆ ಕೊಡಲು ಬಂದ ಮೇಲ್ವಿಚಾರಕರ
ಬಿಳಿ ತೋಳಿನ ಮೇಲೆ ಕೆಂಪು ಚುಕ್ಕೆ.
ಸಾರಿನ ಅರಿಸಿನ. ಸೋಪು ತಿಕ್ಕಿದ್ದಾರೆ, ಕೆಂಪಾಗಿದೆ.
ಸೋಪು ಕ್ಷಾರ. ಬಿಸಿಲಿಗೆ ಹಾಕಿದ್ದರೆ ಸಾಕಿತ್ತು.
ಹೇಳಲೋ ಬೇಡವೋ ಅನ್ನುವಷ್ಟರಲ್ಲಿ
"ಮಾತಾಡಬಾರದು" ಅಂದರು.
ಹಾಳೆ ಜೋಡಿಸಿ ದಾರ ಪೋಣಿಸಿದೆ.
ಹಾಕಿದ್ದು ಬಟ್ಟೆಗಂಟಿನ ಗಂಟು,
ಎಳೆದರೆ ಬಿಚ್ಚುವುದಿಲ್ಲ.