ಅರವತ್ತರವರೆಗೆ

ಬೆಳಗಿನ ನಾಲ್ಕಕ್ಕೆ ಹಿಂಬಾಗಿಲು ತೆರೆದರೆ
ಸಿಮೆಂಟಿನ ಮೇಲೆ ಒದ್ದೆ.
ಮಳೆಯಲ್ಲ, ಇಬ್ಬನಿಯೂ ಅಲ್ಲ.
ಬಗ್ಗಿ ಮುಟ್ಟಿದೆ: ಉಗುರುಬೆಚ್ಚಗಿತ್ತು.
ಬಲ್ಲಾರಟ್ಟಿನ ಜುಲೈನಲ್ಲಿ ನೆಲ ಬೆಚ್ಚಗಿದೆಯೆಂದರೆ
ಏನೋ ಸತ್ತಿದೆ ಅಂತಲೇ ಅರ್ಥ.

ಇಪ್ಪತ್ತಮೂರು ವರ್ಷ ಗೋಡೆಗೊರಗಿ ನಿಂತಿದ್ದ ಗ್ಯಾಸಿನ ಟ್ಯಾಂಕು.
ನಾವು ಮನೆ ಕೊಂಡಾಗಲೇ ಅದಕ್ಕೆ ಹದಿನಾಲ್ಕು.
ಈಚೆಗೆ ಹೊಟ್ಟೆಯೊಳಗೆ ಅನ್ನ ಕುದಿಯುವ ಸದ್ದು,
ಬಕೆಟ್ಟಿನ ತಳದಲ್ಲಿ ರಾಗಿಹಿಟ್ಟಿನಂಥ ಗಷ್ಟು.
"ಇನ್ನೊಂದು ವರ್ಷ ತಳ್ಳತ್ತೆ ಬಿಡು" ಅಂದಿದ್ದರು ಇವರು,
ಕಾರಿನ ಬಗ್ಗೆ, ಫ್ರಿಜ್ಜಿನ ಬಗ್ಗೆ, ತಮ್ಮ ಮಂಡಿಯ ಬಗ್ಗೆ
ಅಂದ ಹಾಗೆಯೇ.

ಮುಚ್ಚಳದ ಒಳಮೈಯಲ್ಲಿ, ನಮಗಿಂತ ಮೊದಲಿದ್ದವರು ಯಾರೋ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು:
ಆರಿಹೋದರೆ ಗುಂಡಿ ಒತ್ತಿ ಹಿಡಿ. ಕಿಡಿ ಕೊಡು.
ಅರವತ್ತು ಎಣಿಸು. ಅವಸರ ಬೇಡ.
ಕೊನೆಯ ಎರಡು ಪದದ ಕೆಳಗೆ ಎರಡೆರಡು ಗೆರೆ.

ಎಷ್ಟು ಸಲ ಆರಿತು, ಲೆಕ್ಕವಿಲ್ಲ.
ತೆಂಕಣ ಗಾಳಿಗೆ ಆ ಬೇಲಿಯೆಂದರೆ ತಾತ್ಸಾರ.
ನೈಟಿಯ ಮೇಲೆ ಇವರ ಕೋಟು ಹಾಕಿಕೊಂಡು
ಬೆನ್ನಿಗೆ ಕೆಂಪು ಪಟ್ಟೆ ಬಳಿದುಕೊಂಡ ಜೇಡನನ್ನು ಮೊದಲು ಕಡ್ಡಿಯಿಂದ ಸರಿಸಿ,
ಕಾಗೆಯ ಹಾಗೆ ಕತ್ತು ಓರೆ ಮಾಡಿ ಕೂರುತ್ತಿದ್ದೆ.
ಆಸ್ಪತ್ರೆಯ ಅಡುಗೆಮನೆಯಲ್ಲಿ ಟ್ರೇ ಎಣಿಸುವುದು ಇಂಗ್ಲಿಷಿನಲ್ಲಿ,
ಸಾಲದ ಕಂತು ಇಂಗ್ಲಿಷಿನಲ್ಲಿ, ರಾತ್ರಿಯ ಮಾತ್ರೆಯೂ.
ಇಲ್ಲಿ ಮಾತ್ರ ಒಂದು, ಎರಡು, ಮೂರು.
ಹಲ್ಲು ಕಟಕಟ, ಹೆಬ್ಬೆರಳು ಜೋಮು,
ಇಪ್ಪತ್ತೇಳು, ಇಪ್ಪತ್ತೆಂಟು,
ಇನ್ನೂ ನಿದ್ದೆ ಹತ್ತದ ಕೂಸಿಗೆ ಅಂದಂತೆ
ಒಂದು ನೀಲಿ ಹನಿ ಬೆಂಕಿಗೆ,
ಯಾರಿಗೂ ಕೇಳಿಸದ ಭಾಷೆಯಲ್ಲಿ.

ಯಾರಿಗೂ ಅಂದೆನೆ?
ಟಾರ್ಚು ಹಿಡಿಯಲು ಬರುತ್ತಿದ್ದಳು ಇಂಚರ.
ಅವಳು ಕನ್ನಡದ ಅಂಕಿ ಕಲಿತದ್ದು ಹಾಗೆ.
ಅರಸೀಕೆರೆಯಿಂದ ನಮ್ಮತ್ತೆ ಫೋನಿನಲ್ಲಿ "ಎಣಿಸು ಮರಿ" ಅಂದರೆ
ಓಡೋಡಿ ಬಂದು ಅರವತ್ತಕ್ಕೆ ಗಕ್ಕನೆ ನಿಲ್ಲುತ್ತಾಳೆ.
"ಆಮೇಲೆ?"
"ಆಮೇಲೆ ಬಿಸಿನೀರು ಬರತ್ತೆ, ಅಜ್ಜಿ."

ಮೂರು ದಿನ ಕೆಟಲಿನ ಸ್ನಾನ.
ಶೋಕೇಸಿನಲ್ಲಿ ನವಿಲುಗರಿ ಹೊತ್ತು ಕೂತಿದ್ದ ತಂಬಿಗೆ
ಮತ್ತೆ ಕೆಲಸಕ್ಕೆ ಸೇರಿತು.

ಗುರುವಾರ ಬಂದ ಪ್ಲಂಬರ್ ಝಾಮಿಟ್, ಜೊತೆಗೊಬ್ಬಳು ಕಲಿಯುವ ಹುಡುಗಿ.
ಟ್ಯಾಂಕಿನ ನೀರನ್ನು ಹುಲ್ಲಿಗೆ ಬಿಟ್ಟು
"ನೋಡಿ" ಅಂತ ನೆತ್ತಿಯಿಂದ ಒಂದು ಕಂಬಿ ಎಳೆದ.
ಇದ್ದದ್ದು ಹೆಬ್ಬೆರಳ ಗಾತ್ರವಂತೆ; ಈಗ ಪೊರಕೆಕಡ್ಡಿ.
ತುಕ್ಕು ಟ್ಯಾಂಕನ್ನು ಬಿಟ್ಟು ಇದನ್ನು ತಿನ್ನಲಿ ಅಂತಲೇ ಇಡುವುದಂತೆ.
"ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕಿತ್ತು, ಯಾರೂ ಹೇಳಲಿಲ್ಲವೆ?"
ನಾನು ಇವರ ಮುಖ ನೋಡಿದೆ.
ಇವರು ಜೇಡನ ಮುಖ ನೋಡಿದರು.

ಹೊಸದೊಂದು ಬಿಳಿ ಪೆಟ್ಟಿಗೆ, ಸೂಟ್‌ಕೇಸಿನಷ್ಟು.
ಟ್ಯಾಂಕಿಲ್ಲ, ಹಗಲಿರುಳು ಕಾಯುವ ಕುಡಿಯಿಲ್ಲ.
"ಇದು ಆರುವುದೇ ಇಲ್ಲವೆ?"
"ಉರಿಯುತ್ತಿದ್ದರೆ ತಾನೆ ಆರುವುದಕ್ಕೆ" ಅಂದ ಝಾಮಿಟ್,
ಬಿಲ್ಲಿನ ಮೇಲೆ ಎರಡು ಸಾವಿರದ ಮುನ್ನೂರು ಡಾಲರು ಬರೆಯುತ್ತ.
ಹಳೆಯದನ್ನು ಟ್ರೇಲರಿಗೆ ಉರುಳಿಸುವಾಗ
ಮುಚ್ಚಳ ಮಾತ್ರ ಕೇಳಿ ಇಸಿದುಕೊಂಡೆ.
"ಎಲ್ಲಿಡ್ತೀಯ ಅದನ್ನ?" ಅಂದರು ಇವರು.
ವಾಷಿಂಗ್ ಮೆಷೀನಿನ ಹಿಂದೆ ಜಾಗವಿತ್ತು.

ಮರುದಿನ ನಾಲ್ಕಕ್ಕೆ ನಲ್ಲಿ ತಿರುವಿದೆ.
ಗೋಡೆಯಾಚೆ ಟಿಕ್, ಟಿಕ್, ಆಮೇಲೊಂದು ನಿಟ್ಟುಸಿರು.
ನನ್ನನ್ನು ಕೇಳದೆ ಬಾಯಿ ಶುರುಮಾಡಿಬಿಟ್ಟಿತ್ತು.
ಹನ್ನೊಂದಕ್ಕೇ ಕಾಲ್ಬೆರಳಿಗೆ ಬಿಸಿ ತಾಗಿತು.

ಉಳಿದ ನಲವತ್ತೊಂಬತ್ತನ್ನು
ಹಬೆಯಲ್ಲಿ ನಿಂತು ಎಣಿಸಿ ಮುಗಿಸಿದೆ,
ಮುಗಿಸಿ,
ಪಕ್ಕದ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ
ಅರವತ್ತೊಂದು ಅಂದೆ.