ದಡದ ಮೇಲೆ ಸರಿಯಿತ್ತು

ಸ್ಟ್ಯಾಂಡಿನ ಮೇಲಿಟ್ಟು, ಪೈಪಿನಲ್ಲಿ ಬಾವಿ ನೀರು ಕುಡಿಸಿ
ಥ್ರಾಟಲ್ ಒತ್ತಿದರೆ
ಕೋಡಿಬಾಗದ ನಾಯಿಗಳೆಲ್ಲ ಎದ್ದು ನಿಲ್ಲುವಷ್ಟು
ಚೆಂದ ಕೂಗುತ್ತಿತ್ತು.
ನದಿಗೆ ಇಳಿಸಿದ್ದೇ ತಡ
ಬ್ವಾಆಆ ಎಂದು ತೇಗಿ
ಗಂಟಲಲ್ಲಿ ಬಂಗಡೆ ಮುಳ್ಳು ಸಿಕ್ಕವರ ಹಾಗೆ
ನಿಂತಲ್ಲೇ ನಿಂತಿತು.

ಇದು ನಿಂತು ಓಡಿಸುವ ಸ್ಕೀ. ಕೂರಲು ಸೀಟಿಲ್ಲ.
ವೇಗ ಬಂದರೆ ಹೊರುತ್ತದೆ, ಬಾರದಿದ್ದರೆ
ಮಂಡಿಯೂರಿದ ನನ್ನನ್ನೂ ಕರೆದುಕೊಂಡು ಮೆಲ್ಲಗೆ ಮುಳುಗುತ್ತದೆ.

ಮಾಜಾಳಿ ಗೇಟು ದಾಟಿ, ಟಾರ್ಪಾಲು ಹೊದ್ದು
ಗೋವಾದಿಂದ ಬಂದದ್ದು. ಮೂರನೆಯ ಕೈ.
ಏನೂ ಪ್ರಾಬ್ಲಂ ಇಲ್ಲ ಬಾಯ್, ಅಂದಿದ್ದ ಮಾರಿದವನು.
ದಡದ ಮೇಲೇ ಸ್ಟಾರ್ಟ್ ಮಾಡಿ ತೋರಿಸಿದ್ದ.
ಬನಾನಾ ಬೋಟಿನಲ್ಲಿ ಟೂರಿಸ್ಟರನ್ನು ಎಳೆದ
ಮೂರು ಸೀಸನ್ನಿನ ದುಡ್ಡು
ಅಲ್ಲೇ ಬಾನೆಟ್ ಮೇಲೆ ಎಣಿಸಿ ಕೊಟ್ಟಿದ್ದೆ.

ಪ್ಲಗ್ ಬದಲಿಸು, ಅಂದ ಜುಜೆ. ಬದಲಿಸಿದೆ.
ಹಳೆಯದರ ಮೂಗು
ಒಣಮೀನಿನ ಕಣ್ಣಿನಷ್ಟು ಬಿಳಿ.
ಕಾರ್ಬುರೇಟರ್ ಬಿಚ್ಚು, ಅಂದರು. ಬಿಚ್ಚಿದೆ,
ಜೆಟ್ಟಿನ ತೂತಿಗೆ ತಾಮ್ರದ ಎಳೆ ಪೋಣಿಸಿ ಊದಿದೆ.
ಆಯಿಲ್ ಜಾಸ್ತಿಯಾಯಿತು, ಅಂದರು.
ಅದೇ ಬೆಂಚಿನ ಮೇಲೆ ಕೂತ ಇನ್ನೊಬ್ಬರು, ಕಡಿಮೆಯಾಯಿತು.
ಸೂಜಿಯನ್ನು ಕಾಲು ಸುತ್ತು ತಿರುಗಿಸಿದೆ, ಅರ್ಧ ಸುತ್ತು,
ಎಲ್ಲಿತ್ತೆಂದು ಮರೆಯುವ ತನಕ.
ಹೆಂಗಸರು ಇಂಜಿನ್ ಮುಟ್ಟಿದರೆ ಹೀಗೇ, ಅಂದವನ ಹೆಸರು
ಇಲ್ಲಿ ಬರೆಯುವುದಿಲ್ಲ.
ಅವನ ಸ್ಕೂಟಿಯ ಪ್ಲಗ್ ತೊಳೆದು ಕೊಟ್ಟವಳು ನಾನು.

ಕೊನೆಗೆ, ಬೈತಖೋಲದ ಪುರ್ಸೋ ತಾಂಡೇಲ.
ನಲವತ್ತು ವರ್ಷ ಟ್ರಾಲರಿನ ಹೊಟ್ಟೆಯೊಳಗೆ ಕೂತು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವರು.
ಕಿವಿ ಕೇಳದವರಿಗೆ
ಸದ್ದಿನ ಕಾಯಿಲೆ ಹೇಗೆ ಹೇಳಲಿ?
ದಾರಿಯುದ್ದ ಕೈಯಾಡಿಸಿ ಅಭ್ಯಾಸ ಮಾಡಿದ್ದೆ.

ಅವರು ಕೈ ನೋಡಲೂ ಇಲ್ಲ. ಲುಂಗಿ ಎತ್ತಿ ಕಟ್ಟಿ
ಸದಾಶಿವಗಡದ ಎದುರು, ಇಳಿತದ ನೀರಲ್ಲಿ
ಸೊಂಟದ ತನಕ ನಿಂತು
ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗಿಟ್ಟು
ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡರು.
ಒತ್ತು, ಅಂದವು ಕಣ್ಣು.
ಒತ್ತಿದೆ. ಬ್ವಾಆ.
ಇನ್ನೊಮ್ಮೆ. ಬ್ವಾಆ.
ಎದೆ ಬಡಿಯುತ್ತಿದೆ, ಗಂಜಿ ಇಳಿಯುತ್ತಿಲ್ಲ, ಅಂದರು,
ನನಗೂ ಕಿವಿ ಕೇಳದು ಎಂಬಷ್ಟು ಜೋರಾಗಿ.

ಈ ಪೆಟ್ರೋಲ್ ಪಂಪಿಗೆ ತನ್ನದೆಂಬ ಮೋಟಾರಿಲ್ಲ.
ಇಂಜಿನ್ನಿನ ಉಸಿರೇ ಗೇಣುದ್ದ ರಬ್ಬರ್ ನಳಿಗೆಯಲ್ಲಿ ಹೋಗಿ
ಒಂದು ಪೊರೆಯನ್ನು ತಟ್ಟಬೇಕು.
ತಟ್ಟಿದಷ್ಟೇ ಏರುತ್ತದೆ ಪೆಟ್ರೋಲು.
ದಡದ ಮೇಲೆ, ಭಾರವಿಲ್ಲದಾಗ, ಎಷ್ಟು ತಟ್ಟಿದರೂ ಸಾಕು.

ನಳಿಗೆ ಕಿತ್ತರು. ನೋಡಲು ಹೊಸದೇ.
ಒಂದು ತುದಿ ಹೆಬ್ಬೆರಳಲ್ಲಿ ಮುಚ್ಚಿ
ಇನ್ನೊಂದನ್ನು ನನ್ನ ಬಾಯಿಗೆ ಕೊಟ್ಟು
ನಡುವನ್ನು ಕಾಳಿಯಲ್ಲಿ ಅದ್ದಿದರು. ಊದು.
ನಾಲಿಗೆಗೆ ಪೆಟ್ರೋಲು, ಉಪ್ಪು,
ಯಾರದೋ ಹಳೆಯ ಬೇಸಗೆ.
ಏನೂ ಇಲ್ಲ.
ನಳಿಗೆಯನ್ನು ಬಗ್ಗಿಸಿದರು, ಊದಿದೆ,
ಕ್ಲಾಂಪು ಕಚ್ಚಿದ ಕಡೆಯಿಂದ
ಒಂದು ಗುಳ್ಳೆ.
ಸಾಸಿವೆಯಷ್ಟು. ಅದರ ಹಿಂದೆ ಇನ್ನೊಂದು.
ಕೆನ್ನೆ ನೋಯುವ ತನಕ ಊದುತ್ತಲೇ ಇದ್ದೆ,
ಸಾಕು ಸಾಕು, ಎಂದು ಅವರು ತಲೆಗೆ ಮೊಟಕುವವರೆಗೆ.

ಹೊಸ ನಳಿಗೆಗೆ ನಲವತ್ತೈದು ರೂಪಾಯಿ.
ಅವರು ತೆಗೆದುಕೊಂಡದ್ದು ಒಂದು ಚಹಾ, ಎರಡು ಬನ್ಸು.

ಸಂಜೆ ನೀರು ಏರುವಾಗ ಮತ್ತೆ ಇಳಿಸಿದೆ.
ಮೊದಲ ಸಲ ಬಿದ್ದೆ, ಅದು ನನ್ನದೇ ತಪ್ಪು.
ಎರಡನೆಯ ಸಲ ಮಂಡಿ, ಆಮೇಲೆ ಒಂದು ಪಾದ,
ಆಮೇಲೆ ಸೇತುವೆಯ ಕಂಬಗಳು
ಒಂದೊಂದಾಗಿ ಹಿಂದಕ್ಕೆ ಓಡತೊಡಗಿದವು
ಮತ್ತು ನಾನು ನಿಂತಿದ್ದೆ.

ತಿರುಗಿ ಬಂದಾಗ ಪುರ್ಸೋ
ಅಂಗೈ ಚಪ್ಪಟೆ ಮಾಡಿ ನೀರಿನ ಮೇಲಿಟ್ಟುಕೊಂಡು
ಮಗುವಿನ ಜ್ವರ ನೋಡುವವರ ಹಾಗೆ ನಿಂತಿದ್ದರು.
ಹೇಗಿತ್ತು, ಎಂದು ಕೈಯಾಡಿಸಿದೆ.
ಸೂಜಿ ಇನ್ನೂ ಒಂಚೂರು ಬಿಚ್ಚು, ಅಂದರು.
ತಿರುವಿನಲ್ಲಿ ತಡವರಿಸಿತು.